ಎಂಜಿನ್ ಕುಡಿದ ಆಯಿಲ್‌ಗೆ ಲೆಕ್ಕ ಕೊಡಬೇಕಾದವರು ಯಾರು?

ಪ್ರಶ್ನೆ: ಕಾರಿನ ಎಂಜಿನ್ ಮಿತಿಮೀರಿ ಆಯಿಲ್ ಸುಡುತ್ತಿದ್ದರೆ, ವಾರಂಟಿಯ ಅವಧಿ ಮುಗಿದ ಮೇಲೂ ಕಂಪನಿಯೇ ಅದನ್ನು ಸರಿಪಡಿಸಿಕೊಡಬೇಕೇ? ಅಮೆರಿಕದಲ್ಲಿ ಈ ಪ್ರಶ್ನೆ ಹದಿನೈದು ವರ್ಷಗಳಿಂದ ನ್ಯಾಯಾಲಯದಲ್ಲೂ ಗ್ಯಾರೇಜಿನಲ್ಲೂ ನಡೆದಿದೆ. ಒಹಾಯೊದ ಒಬ್ಬ ಕಾರಿನ ಮಾಲೀಕರು ಮತ್ತು ಬೆಂಗಳೂರಿನ ಒಬ್ಬ ನಿವೃತ್ತ ಪಿಸ್ಟನ್ ರಿಂಗ್ ತಜ್ಞರು ಇಲ್ಲಿ ಎದುರುಬದುರು ಬರೆದಿದ್ದಾರೆ. ಸಿಲಿಂಡರ್ ಎಂಬ ಕೊಳವೆಯೊಳಗೆ ಮೇಲೆ ಕೆಳಗೆ ಓಡುವುದು ಪಿಸ್ಟನ್; ಅದರ ಸುತ್ತ ತೊಡಿಸಿದ ಲೋಹದ ಬಳೆಗಳೇ ಪಿಸ್ಟನ್ ರಿಂಗ್.

ಪರ: ರೋಗದ ಬೀಜ ಕಾರ್ಖಾನೆಯದು, ಔಷಧಿಯ ಖರ್ಚು ನನ್ನದೇ?

ನನ್ನ ಕಾರಿನ ಡಿಕ್ಕಿಯಲ್ಲಿ ಮೂರು ವರ್ಷದಿಂದ ಒಂದು ರಟ್ಟಿನ ಪೆಟ್ಟಿಗೆ ಕಾಯಂ ಆಗಿ ಕುಳಿತಿದೆ. ಅದರೊಳಗೆ ಆರು ಬಾಟಲಿ ಎಂಜಿನ್ ಆಯಿಲ್, ನೀರಿನ ಬಾಟಲಿಯ ತಲೆ ಕೊಯ್ದು ಮಾಡಿದ ಒಂದು ಆಲಿಕೆ, ಮತ್ತು ಅಪ್ಪ ಊರಿನಿಂದ ಬಂದಾಗ ಬಿಟ್ಟುಹೋದ ಹಳೆಯ ಪಂಚೆಯ ತುಂಡು. ಕೊಲಂಬಸ್‌ನಿಂದ ಚಿಕಾಗೊಗೆ ಹೊರಟರೆ ನಡುವೆ ಒಮ್ಮೆ ಪೆಟ್ರೋಲ್ ಬಂಕ್‌ಗೆ ತಿರುಗಿಸಿ, ಎಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲೆಂದು ಐದು ನಿಮಿಷ ಕಾದು, ಬಾನೆಟ್ ಎತ್ತುತ್ತೇನೆ. ಡಿಪ್‌ಸ್ಟಿಕ್ ಎಳೆದು, ಪಂಚೆಯ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ ಎತ್ತುತ್ತೇನೆ. ತುದಿಯಲ್ಲಿ ಎರಡು ಗುರುತು: ಮೇಲಿನದು ಭರ್ತಿ, ಕೆಳಗಿನದು ಕನಿಷ್ಠ. ನಡುವಿನ ಅಂತರ ಹೆಚ್ಚುಕಡಿಮೆ ಒಂದು ಕ್ವಾರ್ಟ್, ಎಂದರೆ ಒಂದು ಲೀಟರ್‌ಗೆ ತುಸು ಕಡಿಮೆ. ಪ್ರಯಾಣದ ಮಧ್ಯೆ ಮೇಲಿನ ಗುರುತಿನಲ್ಲಿ ಎಣ್ಣೆಯ ಪಸೆ ಕಂಡದ್ದು ನನಗೆ ನೆನಪಿಲ್ಲ. ಎಂಟು ವರ್ಷದ ಮಗಳು ಹಿಂದಿನ ಸೀಟಿನಿಂದಲೇ ಕೇಳುತ್ತಾಳೆ: "ಇವತ್ತು ಎಷ್ಟು ಕುಡಿದಿದೆ?"

ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಇದು ನನ್ನೊಬ್ಬನ ಜಗಳವಾಗುತ್ತದೆ. ಕಾರು ಕೊಂಡಾಗ 38,000 ಮೈಲಿ ಓಡಿತ್ತು; ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಐದು ವರ್ಷ ಅಥವಾ 60,000 ಮೈಲಿಯ ವಾರಂಟಿ ಇತ್ತು. 52,000ದ ಹೊತ್ತಿಗೆ ಒಂದು ದಿನ ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ಕೆಂಪು ದೀಪ ಮಿನುಗಿ ಆರಿತು. ನೋಡಿದರೆ ಡಿಪ್‌ಸ್ಟಿಕ್ ಒಣಗಿತ್ತು. ಆ ದೀಪ ತೋರಿಸುವುದು ಆಯಿಲ್‌ನ ಮಟ್ಟವನ್ನಲ್ಲ, ಒತ್ತಡವನ್ನು. ಅದು ಹೊತ್ತಿಕೊಳ್ಳುವ ವೇಳೆಗೆ ಬೇರಿಂಗ್‌ಗಳು ಆಗಲೇ ದೇವರನ್ನು ನೆನೆಯುತ್ತಿರುತ್ತವೆ. ಡೀಲರ್ ಬಳಿ ಓಡಿದೆ. "ಎಲ್ಲ ಎಂಜಿನ್‌ಗಳೂ ಸ್ವಲ್ಪ ಆಯಿಲ್ ತಿನ್ನುತ್ತವೆ, ಪರೀಕ್ಷೆ ಮಾಡೋಣ" ಎಂದರು.

ಪರೀಕ್ಷೆ ಎಂದರೆ ಇಷ್ಟೇ. ಹಳೆಯ ಆಯಿಲ್ ತೆಗೆದು, ಹೊಸದನ್ನು ಮೇಲಿನ ಗುರುತಿನವರೆಗೆ ಅಳೆದು ತುಂಬುತ್ತಾರೆ. ಕೆಳಗಿನ ಬೋಲ್ಟ್‌ಗೆ, ಫಿಲ್ಟರ್‌ಗೆ, ಡಿಪ್‌ಸ್ಟಿಕ್‌ನ ತಲೆಗೆ ಬಣ್ಣದ ಗೀಟು ಹಾಕುತ್ತಾರೆ, ನಾನು ಕದ್ದು ಆಯಿಲ್ ಚೆಲ್ಲಬಾರದಲ್ಲ! 1,200 ಮೈಲಿ, ಅಂದರೆ ಸುಮಾರು 1,930 ಕಿಲೋಮೀಟರ್ ಓಡಿಸಿ ವಾಪಸು ತರಬೇಕು. ಒಂದು ಕ್ವಾರ್ಟ್ ಇಳಿದಿದ್ದರೆ ದೋಷ, ಇಲ್ಲವಾದರೆ ಸಹಜ. ನನ್ನ ಕಾರು ಮುಕ್ಕಾಲು ಕ್ವಾರ್ಟ್‌ಗಿಂತ ಹೆಚ್ಚು ಕುಡಿದಿತ್ತು, ಪೂರ್ತಿ ಕುಡಿದಿರಲಿಲ್ಲ. ನಾಪಾಸು. 67,000 ಮೈಲಿಯಾದಾಗ ಸಾವಿರ ಮೈಲಿಗೇ ಒಂದು ಕ್ವಾರ್ಟ್ ದಾಟಿತು. ಈಗ ಭರ್ಜರಿಯಾಗಿ ಪಾಸು, ಆದರೆ ವಾರಂಟಿ ತೀರಿದೆ. ಎಂಜಿನ್ ಇಳಿಸಿ ಪಿಸ್ಟನ್, ರಿಂಗ್ ಬದಲಿಸಲು ಕೊಟ್ಟ ಅಂದಾಜು ಕಾರಿನ ಬೆಲೆಯ ಅರ್ಧವನ್ನೂ ಮೀರಿತ್ತು.

ಈಗ ಒಂದು ಸಣ್ಣ ಲೆಕ್ಕ. ಸಾಧಾರಣ ನಾಲ್ಕು ಸಿಲಿಂಡರ್‌ನ ಎಂಜಿನ್ ಹಿಡಿಯುವುದು ನಾಲ್ಕರಿಂದ ಐದು ಕ್ವಾರ್ಟ್ ಆಯಿಲ್. ಕೈಪಿಡಿಯ ಒಂದು ಪುಟದಲ್ಲಿ 5,000 ಮೈಲಿಗೊಮ್ಮೆ, ಕೆಲವದರಲ್ಲಿ 10,000 ಮೈಲಿಗೊಮ್ಮೆ ಆಯಿಲ್ ಬದಲಿಸಿ ಎಂದಿರುತ್ತದೆ. ಅದೇ ಕಂಪನಿಯ ಸರ್ವಿಸ್ ಮೇಜಿನಲ್ಲಿ 1,200 ಮೈಲಿಗೆ ಒಂದು ಕ್ವಾರ್ಟ್‌ನವರೆಗೆ ಸಹಜ ಎನ್ನುತ್ತಾರೆ. ಎರಡನ್ನೂ ನಂಬಿದ ಮನುಷ್ಯ 5,000 ಮೈಲಿಗೆ ಆಯಿಲ್ ಬದಲಿಸಲು ಹೋದಾಗ ಎಂಜಿನ್‌ನಲ್ಲಿ ಬದಲಿಸಲು ಆಯಿಲ್ಲೇ ಇರುವುದಿಲ್ಲ. ಈ ಮಿತಿಯನ್ನು ನಿಗದಿ ಮಾಡಿದವರು ಯಾರು? ಸರ್ಕಾರವಲ್ಲ, ಯಾವ ಸ್ವತಂತ್ರ ಸಂಸ್ಥೆಯೂ ಅಲ್ಲ. 2015ರಲ್ಲಿ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ಈ ವಿಷಯ ಕೆದಕಿದಾಗ ಔಡಿ ಮತ್ತು ಬಿಎಂಡಬ್ಲ್ಯು 600ರಿಂದ 700 ಮೈಲಿಗೆ ಒಂದು ಕ್ವಾರ್ಟ್ ಹೋದರೂ ಒಪ್ಪಬಹುದಾದದ್ದೇ ಎನ್ನುತ್ತಿದ್ದವು. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುವುದು ಕಟುವಾದೀತು. ಆದರೂ ಪರೀಕ್ಷೆ ಬರೆಯುವವನೇ ಪಾಸಿನ ಅಂಕವನ್ನು ತೀರ್ಮಾನಿಸುತ್ತಾನೆ ಎಂಬುದಂತೂ ನಿಜ.

ವಾರಂಟಿಯ ಗಡುವಿಗೂ ಈ ರೋಗಕ್ಕೂ ಹೊಂದಾಣಿಕೆಯೇ ಇಲ್ಲ. ಪಿಸ್ಟನ್‌ನ ಮೂರನೆಯ ರಿಂಗ್ ಸಿಲಿಂಡರ್ ಗೋಡೆಯ ಆಯಿಲನ್ನು ಕೆರೆದು ಕೆಳಗಿಳಿಸಬೇಕು. ರಿಂಗ್‌ನ ಹಿಂದಿನ ಪುಟ್ಟ ರಂಧ್ರಗಳ ಮೂಲಕ ಅದು ತಳಕ್ಕೆ ಮರಳಬೇಕು. ರಂಧ್ರ ಸಣ್ಣದಾದರೆ, ರಿಂಗ್‌ನ ಬಿಗಿ ಸಾಲದಾದರೆ ಅಲ್ಲಿ ಉಳಿದ ಆಯಿಲ್ ಸುಟ್ಟು ಮಸಿಯಾಗಿ ಕಟ್ಟುತ್ತದೆ. ಮಸಿ ಕಟ್ಟಿದಷ್ಟೂ ಆಯಿಲ್ ನಿಲ್ಲುತ್ತದೆ, ನಿಂತಷ್ಟೂ ಮಸಿ. ಇದು ಆರು ತಿಂಗಳಲ್ಲಿ ಆಗುವ ಕೆಲಸವಲ್ಲ, ವರ್ಷಗಳೇ ಬೇಕು. ಪಿಸ್ಟನ್‌ನ ನಕ್ಷೆ ಬರೆದ ದಿನವೇ ಬಿತ್ತಿದ ಬೀಜ ವಾರಂಟಿ ಮುಗಿದ ಮೇಲೆ ಮೊಳೆಯುತ್ತದೆ. ಹೀಗಿರುವಾಗ ಗಡುವನ್ನು ತೋರಿಸಿ ಬಾಗಿಲು ಹಾಕುವುದು ಯಾವ ನ್ಯಾಯ?

ಟೊಯೋಟಾದ 2.4 ಲೀಟರ್ ಎಂಜಿನ್ ಇದಕ್ಕೆ ಪಠ್ಯಪುಸ್ತಕದಂಥ ಉದಾಹರಣೆ. 2007ರಿಂದ 2009ರ ಕ್ಯಾಮ್ರಿ ಮತ್ತು ಅದೇ ಎಂಜಿನ್ ಹೊತ್ತ ಇನ್ನೂ ಕೆಲವು ಮಾದರಿಗಳ ಮಾಲೀಕರು ಆಯಿಲ್ ತುಂಬಿ ತುಂಬಿ ಸಾಕಾಗಿ ದೂರಿದರು. 2011ರಲ್ಲಿ ಕಂಪನಿ ಡೀಲರ್‌ಗಳಿಗೆ ತಾಂತ್ರಿಕ ಸುತ್ತೋಲೆ ಕಳಿಸಿತು: ಪಿಸ್ಟನ್ ಮತ್ತು ರಿಂಗ್‌ನ ವಿನ್ಯಾಸ ಬದಲಾಗಿದೆ, 1,200 ಮೈಲಿಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಎಂಜಿನ್‌ಗೆ ಹೊಸದನ್ನು ಹಾಕಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ವಿನ್ಯಾಸ ಸರಿಯಿದ್ದರೆ ಬದಲಿಸಿದ್ದೇಕೆ? ಆದರೆ ಆಗ ಈ ಸೌಲಭ್ಯ ಸಿಕ್ಕಿದ್ದು ವಾರಂಟಿಯ ಒಳಗಿದ್ದ ಕಾರುಗಳಿಗೆ ಮಾತ್ರ. 2015ರಲ್ಲಿ ಟೊಯೋಟಾ ಈ ದೋಷದ ಮಟ್ಟಿಗೆ ರಕ್ಷಣೆಯನ್ನು 10 ವರ್ಷ ಅಥವಾ 1,50,000 ಮೈಲಿಯವರೆಗೆ ವಿಸ್ತರಿಸಿತು. ಆ ನಾಲ್ಕು ವರ್ಷಗಳಲ್ಲಿ "ಹೊಗೆ ಹಾಕುತ್ತದೆ" ಎಂದು ಕಾರನ್ನು ಚಿಲ್ಲರೆ ಕಾಸಿಗೆ ಮಾರಿದವರಿಗೆ ಏನು ಸಿಕ್ಕಿತು? ಅಮೆರಿಕಕ್ಕೆ ಬಂದಿಳಿದ ನಮ್ಮ ಹುಡುಗರ ಮೊದಲ ಕಾರು ಬಹುಪಾಲು ಇಂಥದ್ದೇ ಹಳೆಯ ಕ್ಯಾಮ್ರಿ ಅಥವಾ ಕೊರೊಲ್ಲಾ. ಸುತ್ತೋಲೆ, ಸೌಲಭ್ಯ ಎಂಬುದೆಲ್ಲ ಅವರ ಕಿವಿಗೆ ಬೀಳುವುದೇ ಇಲ್ಲ. ಬಿದ್ದರೂ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ ಡೀಲರ್‌ನ ಮೇಜು ದಾಟಬೇಕು.

ಜಪಾನಿನ ಇನ್ನೊಂದು ಕಾರು ಕಂಪನಿ ಸುಬಾರು ಮೇಲೆ 2014ರಲ್ಲಿ ನ್ಯೂ ಜೆರ್ಸಿಯ ಫೆಡರಲ್ ನ್ಯಾಯಾಲಯದಲ್ಲಿ ಸಾಮೂಹಿಕ ಮೊಕದ್ದಮೆ ಬಿತ್ತು. 2016ರ ರಾಜಿಯಲ್ಲಿ ಆಯಿಲ್ ಸುಡುವ ದೋಷಕ್ಕೆ ವಾರಂಟಿ 8 ವರ್ಷ ಅಥವಾ 1,00,000 ಮೈಲಿಗೆ ಏರಿತು. ಎರಡೂ ಕಂಪನಿಗಳು ಇಂದಿಗೂ ಚೆನ್ನಾಗಿಯೇ ಕಾರು ಮಾರುತ್ತಿವೆ, ಆಕಾಶ ಕಳಚಿ ಬೀಳಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಸವಕಳಿ ತಡೆಯಲೆಂದು ಎಂಜಿನ್ ಆಯಿಲ್‌ಗೆ ಸತು ಮತ್ತು ರಂಜಕದ ಸಂಯುಕ್ತವೊಂದನ್ನು ಬೆರೆಸಿರುತ್ತಾರೆ. ಆಯಿಲ್ ಸುಟ್ಟರೆ ಆ ರಂಜಕ ಹೊಗೆಯ ಜೊತೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್‌ನ ಪ್ಲಾಟಿನಂ, ಪಲ್ಲೇಡಿಯಂಗಳ ಮೇಲೆ ಪದರ ಕಟ್ಟುತ್ತದೆ, ಹೊಗೆ ಶುದ್ಧವಾಗುವುದು ನಿಲ್ಲುತ್ತದೆ. ಅಮೆರಿಕದ ಫೆಡರಲ್ ಕಾನೂನು ಆ ಕನ್ವರ್ಟರ್‌ಗೆ 8 ವರ್ಷ ಅಥವಾ 80,000 ಮೈಲಿಯ ವಾರಂಟಿಯನ್ನು ಕಡ್ಡಾಯ ಮಾಡಿದೆ. ಅದನ್ನು ಕೊಲ್ಲುವ ರಿಂಗ್‌ಗೆ ಐದು ವರ್ಷ, ಸಾಯುವ ಕನ್ವರ್ಟರ್‌ಗೆ ಎಂಟು! ನಾನು ಕೇಳುತ್ತಿರುವುದು ಆಜೀವ ವಾರಂಟಿಯನ್ನಲ್ಲ. ಆಯಿಲ್ ಸುಡುವ ದೋಷಕ್ಕೂ ಕನ್ವರ್ಟರ್‌ನಷ್ಟೇ ಅವಧಿ ಇರಲಿ, ಮತ್ತು ಗಡುವಿನೊಳಗೆ ಒಮ್ಮೆ ದೂರು ದಾಖಲಾಗಿದ್ದರೆ ಆ ಕಾರಿಗೆ ಗಡಿಯಾರ ನಿಲ್ಲಲಿ. 52,000 ಮೈಲಿಯಲ್ಲಿ ನಾನು ಕೊಟ್ಟ ದೂರಿನ ರಸೀದಿ ಇನ್ನೂ ಕಾರಿನ ಕೈಪೆಟ್ಟಿಗೆಯಲ್ಲಿದೆ.

ವಿರೋಧ: ವಾರಂಟಿ ಒಂದು ಕರಾರು, ತವರುಮನೆಯಲ್ಲ

ಯಲಹಂಕದ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷ ಪಿಸ್ಟನ್ ರಿಂಗ್‌ಗಳ ಗುಣಮಟ್ಟ ನೋಡಿದವನು. ನಮ್ಮ ಮೊದಲ ಪಾಠವೇ ಬೆಳಕಿನ ಪರೀಕ್ಷೆ. ಸಿಲಿಂಡರ್‌ನಷ್ಟೇ ಅಳತೆಯ ಉಕ್ಕಿನ ಬಳೆಯೊಳಗೆ ರಿಂಗನ್ನು ಕೂರಿಸಿ, ಹಿಂದೆ ದೀಪ ಹಚ್ಚಿ ನೋಡುವುದು. ರಿಂಗ್‌ನ ಅಂಚಿಗೂ ಬಳೆಗೂ ನಡುವೆ ಕೂದಲೆಳೆಯಷ್ಟು ಬೆಳಕು ಇಣುಕಿದರೂ ಆ ರಿಂಗ್ ರದ್ದಿಗೆ. ಸಂಜೆಯ ಪಾಳಿ ಮುಗಿಯುವ ಹೊತ್ತಿಗೆ ಕಣ್ಣು ಮುಚ್ಚಿದರೂ ಬೆಳ್ಳಿಯ ಉಂಗುರಗಳೇ ತೇಲುತ್ತಿದ್ದವು. ಹಾಗೆ ಆರಿಸಿದ ರಿಂಗ್ ಕೂಡ ಎಂಜಿನ್‌ಗೆ ಹೋದ ಮೇಲೆ ಆಯಿಲ್ ಬಿಡುತ್ತದೆ. ಬಿಡಲೇಬೇಕು. ಗೋಡೆಗೆ ಎಣ್ಣೆಯ ಪೊರೆಯೇ ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಒಹಾಯೊದ ಸ್ನೇಹಿತರು ಲೆಕ್ಕ ಕೊಟ್ಟಿದ್ದಾರೆ, ನಾನೂ ಒಂದು ಕೊಡುತ್ತೇನೆ. ಗಂಟೆಗೆ 60 ಮೈಲಿಯಂತೆ 1,200 ಮೈಲಿಗೆ 20 ಗಂಟೆ. ನಿಮಿಷಕ್ಕೆ 2,000 ಸುತ್ತು ಎಂದರೆ ಒಟ್ಟು 24 ಲಕ್ಷ ಸುತ್ತು. ನಾಲ್ಕು ಸಿಲಿಂಡರ್‌ನ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಎರಡು ಸ್ಫೋಟ, ಅಲ್ಲಿಗೆ 48 ಲಕ್ಷ ಸ್ಫೋಟ. ಒಂದು ಕ್ವಾರ್ಟ್ ಆಯಿಲನ್ನು ಅಷ್ಟಕ್ಕೆ ಹಂಚಿದರೆ ಪ್ರತಿ ಸ್ಫೋಟಕ್ಕೆ ಬರುವುದು ಒಂದು ಹನಿಯ ಇನ್ನೂರೈವತ್ತನೆಯ ಒಂದು ಪಾಲು. ಅವರು "ಮಿತಿಮೀರಿದ್ದು" ಎನ್ನುವ ಎಂಜಿನ್‌ಗೂ "ಒಳ್ಳೆಯದು" ಎನ್ನುವ ಎಂಜಿನ್‌ಗೂ ಇರುವ ಅಂತರ ಆ ಪಾಲಿನ ಒಳಗಿನದು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯನ್ನು ಓಡಿಸಿದವರಿಗೆ ಇದು ತಮಾಷೆಯಾಗಿ ಕಾಣಬಹುದು. ಅದು ಟೂ-ಸ್ಟ್ರೋಕ್, ಪೆಟ್ರೋಲ್‌ಗೆ ನಾವೇ ಕೈಯಾರೆ ಆಯಿಲ್ ಬೆರೆಸಿ ಸುಡುತ್ತಿದ್ದೆವು, ಹಿಂದೆ ಬಂದವರು ನೀಲಿ ಹೊಗೆ ಕುಡಿಯುತ್ತಿದ್ದರು.

ರಿಂಗ್‌ನ ಬಿಗಿ ಕಡಿಮೆಯಾದದ್ದು ಯಾರ ಸಂಚಿನಿಂದಲೂ ಅಲ್ಲ. ಆಯಿಲ್ ರಿಂಗ್ ಎಂದರೆ ಎರಡು ತೆಳು ಉಕ್ಕಿನ ಪಟ್ಟಿ, ಅವುಗಳ ನಡುವೆ ಹೊರಕ್ಕೆ ತಳ್ಳುವ ಒಂದು ಸುಕ್ಕು ಸ್ಪ್ರಿಂಗ್. ಬಲವಾಗಿ ತಳ್ಳಿದರೆ ಚೆನ್ನಾಗಿ ಕೆರೆಯುತ್ತದೆ, ಆದರೆ ಘರ್ಷಣೆ ಹೆಚ್ಚಿ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಅಮೆರಿಕ 2007ರ ಇಂಧನ ಕಾನೂನಿನಲ್ಲಿ 2020ರ ಹೊತ್ತಿಗೆ ಕಾರುಗಳ ಸರಾಸರಿ ಗ್ಯಾಲನ್‌ಗೆ 35 ಮೈಲಿ ಆಗಬೇಕು ಎಂದಿತು. ಗ್ರಾಹಕರೂ ಮೈಲೇಜ್ ಕೇಳಿದರು. ಎಂಜಿನಿಯರ್ ಸ್ಪ್ರಿಂಗ್ ಸಡಿಲಿಸಿದ, ಆಯಿಲ್ ತೆಳುವಾಗಿಸಿದ. ಕೆಲವರು ಆ ಹಾದಿಯಲ್ಲಿ ಒಂದು ಹೆಜ್ಜೆ ಹೆಚ್ಚೇ ಇಟ್ಟರು, ಒಪ್ಪುತ್ತೇನೆ. ಟೊಯೋಟಾದ ಆ ಪಿಸ್ಟನ್ ಈ ಕಾನೂನಿಗೂ ಮೊದಲಿನದಾದರೂ ತಪ್ಪು ತಪ್ಪೇ. ಆದರೆ ಒಂದು ಎಂಜಿನ್‌ನ ತಪ್ಪಿಗೆ ಎಲ್ಲ ಎಂಜಿನ್‌ಗಳಿಗೂ ಅನ್ವಯಿಸುವ ನಿಯಮ ಬೇಕು ಎನ್ನುವುದು ಬೇರೆ ಮಾತು.

ವಾರಂಟಿ ಪುಕ್ಕಟೆ ಬರುವುದಿಲ್ಲ. ಐದು ವರ್ಷದ ಭರವಸೆಗೆ ಎಷ್ಟು ಖರ್ಚಾಗಬಹುದು ಎಂದು ಅಂದಾಜು ಮಾಡಿ ಕಾರಿನ ಬೆಲೆಯಲ್ಲೇ ಸೇರಿಸಿರುತ್ತಾರೆ. ಎಂಟು ವರ್ಷ ಎಂದರೆ ಆ ಮೊತ್ತ ಏರುತ್ತದೆ, ಎಲ್ಲರೂ ಕೊಡುತ್ತಾರೆ. ಅವರು ಉಲ್ಲೇಖಿಸಿದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯ ಅದೇ 2015ರ ಸಮೀಕ್ಷೆ ಸುಮಾರು 5 ಲಕ್ಷ ಕಾರುಗಳನ್ನು ನೋಡಿತ್ತು, ತೊಂದರೆ ಕಂಡದ್ದು ಶೇ. 2ರಷ್ಟರಲ್ಲಿ. ಉಳಿದ ಶೇ. 98ರ ಜನ ಏನು ಮಾಡಿದರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಅದರಲ್ಲೂ ಮೂರು ವರ್ಷಕ್ಕೆ ಕಾರು ಬದಲಿಸುವವನಿಗೆ ಎಂಟನೆಯ ವರ್ಷದ ರಕ್ಷಣೆ ಯಾವ ಪುರುಷಾರ್ಥಕ್ಕೆ?

ಗ್ಯಾರೇಜಿನ ಸತ್ಯವೂ ಒಂದಿದೆ. 1,200 ಮೈಲಿಗೆ ಒಂದು ಕ್ವಾರ್ಟ್ ಹೋಗುವ ಎಂಜಿನ್ ಮುಂದಿನ 50,000 ಮೈಲಿಗೆ ಸುಮಾರು 42 ಕ್ವಾರ್ಟ್ ಕುಡಿಯುತ್ತದೆ. ಅಂಗಡಿಯಲ್ಲಿ ಅಷ್ಟು ಆಯಿಲ್‌ಗೆ ಕೆಲವು ನೂರು ಡಾಲರ್. ಅದನ್ನು ಉಳಿಸಲು ಸಾವಿರಗಟ್ಟಲೆ ಡಾಲರ್ ಸುರಿದು ಎಂಜಿನ್ ಇಳಿಸಬೇಕೇ? ಖರ್ಚು ಕಂಪನಿಯದ್ದಾದರೂ ನಾನು ಬೇಡ ಎನ್ನುತ್ತೇನೆ. ಕಾರ್ಖಾನೆಯಲ್ಲಿ ಧೂಳಿಲ್ಲದ ಕೋಣೆಯಲ್ಲಿ, ಅಳತೆ ಮಾಡುವ ಯಂತ್ರಗಳ ನಡುವೆ ಜೋಡಿಸಿದ ಎಂಜಿನ್ ಒಂದು. ಡೀಲರ್‌ನ ಷೆಡ್‌ನಲ್ಲಿ, ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಸಬೇಕೆಂಬ ಅವಸರದಲ್ಲಿ ಮರುಜೋಡಿಸಿದ ಎಂಜಿನ್ ಇನ್ನೊಂದು. ರಿಂಗ್‌ಗಳ ಬಾಯಿಗಳೆಲ್ಲ, ಅಂದರೆ ಪ್ರತಿ ರಿಂಗ್‌ನ ಎರಡು ತುದಿಗಳ ನಡುವಿನ ಸಂದುಗಳೆಲ್ಲ, ಒಂದೇ ಸಾಲಿಗೆ ಬಂದರೆ ಹೊಸ ಪಿಸ್ಟನ್ ಕೂಡ ಆಯಿಲ್ ಕುಡಿಯಬಹುದು. ಕನ್ವರ್ಟರ್‌ನ ಮಾತು ಸರಿಯಾದದ್ದೇ, ಅದಕ್ಕೆಂದೇ ಅದಕ್ಕೆ ಪ್ರತ್ಯೇಕ ವಾರಂಟಿ ಕೊಟ್ಟಿದ್ದಾರೆ. ಅದು ಕೆಟ್ಟರೆ ಅದನ್ನು ಕೇಳಿ ಪಡೆಯಲಿ.

ಮಸಿ ಕಟ್ಟುವುದರಲ್ಲಿ ಮಾಲೀಕರ ಪಾಲು ಎಷ್ಟು ಎಂಬುದನ್ನು ಅವರು ಹಾರಿಸಿಬಿಟ್ಟರು. ಆಯಿಲ್ ಬದಲಿಸುವುದನ್ನು ಮುಂದೂಡಿದವರ ಪಿಸ್ಟನ್‌ಗಳನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ: ಆಯಿಲ್ ರಿಂಗ್ ಡಾಂಬರಿನಲ್ಲಿ ಹೂತ ಬಳೆಯಂತೆ ಅಲುಗಾಡದೆ ಕುಳಿತಿರುತ್ತದೆ, ಉಗುರಿನಿಂದ ಕೆದಕಿದರೆ ಕರಿ ಚಕ್ಕೆ ಏಳುತ್ತದೆ. ವಿನ್ಯಾಸದ ದೋಷದಿಂದ ಕಟ್ಟಿದ ಮಸಿಯೂ ಹಾಗೆಯೇ ಕಾಣುತ್ತದೆ. ಐದು ವರ್ಷದೊಳಗೆ ದಾಖಲೆ ಕೇಳಬಹುದು, ಮೊದಲ ಮಾಲೀಕ ಸಿಗುತ್ತಾನೆ. ಎಂಟನೆಯ ವರ್ಷದಲ್ಲಿ ಮೂರನೆಯ ಮಾಲೀಕ ಕಾರು ತಂದರೆ, ಹಿಂದಿನ ಇಬ್ಬರು ಏನು ಮಾಡಿದ್ದರೆಂದು ಯಾರನ್ನು ಕೇಳುವುದು? 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ ತನ್ನ ಡೀಲರ್ ಬಳಿಯೇ ಸರ್ವಿಸ್ ಮಾಡಿಸಬೇಕು ಎಂಬ ಷರತ್ತನ್ನು ಕಂಪನಿ ಹಾಕುವಂತಿಲ್ಲ. ಗ್ರಾಹಕರಿಗೆ ಒಳ್ಳೆಯ ಕಾನೂನು. ಆದರೆ ದಾಖಲೆಗಳು ಊರೆಲ್ಲ ಚದುರುವುದಕ್ಕೂ ಅದೇ ಕಾರಣ.

ಅವರು ಹೆಸರಿಸದೆ ಬಿಟ್ಟ ಒಂದು ಮೊಕದ್ದಮೆ ಇದೆ. ಜನರಲ್ ಮೋಟರ್ಸ್‌ನ 5.3 ಲೀಟರ್ ವಿ8 ಎಂಜಿನ್ ಆಯಿಲ್ ಸುಡುತ್ತದೆ ಎಂದು 2016ರ ಕೊನೆಯಲ್ಲಿ ಹೂಡಿದ್ದು. 2022ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜ್ಯೂರಿ 10 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಿಸಿತು, ಗಾಡಿಗೆ 2,700 ಡಾಲರ್‌ನಂತೆ, ಮೂರು ರಾಜ್ಯಗಳ ಸುಮಾರು 38,000 ಗಾಡಿಗಳಿಗೆ. ಆರು ವರ್ಷ ನಡೆದ ಈ ವ್ಯಾಜ್ಯದಲ್ಲಿ ನಷ್ಟವನ್ನು ಅಳೆದದ್ದು ಗಾಡಿಯ ಲೆಕ್ಕದಲ್ಲಿ, ಕುಡಿದ ಆಯಿಲ್‌ನ ಲೆಕ್ಕದಲ್ಲಿ ಅಲ್ಲ. ಬೇರೆ ರಾಜ್ಯದಲ್ಲಿದ್ದು ಅದೇ ಎಂಜಿನ್ ಹೊತ್ತವನಿಗೆ ಆ ತೀರ್ಪಿನಿಂದ ಏನೂ ಇಲ್ಲ. ವಕೀಲರ ಶುಲ್ಕವಂತೂ ಯಾವ ರಾಜ್ಯದಲ್ಲೂ ತಪ್ಪಿದ್ದಲ್ಲ. ಅವಧಿಯ ಆಚೆಗೂ ಹೊಣೆ ಎಂದು ಒಪ್ಪಿಕೊಂಡರೆ ಪ್ರತಿ ಎಂಜಿನ್‌ಗೂ ಇಂಥದ್ದೊಂದು ಮೊಕದ್ದಮೆ ಬೆನ್ನಿಗೇ ಬರುತ್ತದೆ.

ಒಂದು ವಿಷಯದಲ್ಲಿ ಅವರ ಮುಂದೆ ನನ್ನ ಬಳಿ ಉತ್ತರವಿಲ್ಲ. 5,000 ಮೈಲಿಗೆ ಆಯಿಲ್ ಬದಲಿಸಿ ಎನ್ನುವ ಕೈಪಿಡಿಯೂ 1,200 ಮೈಲಿಗೆ ಒಂದು ಕ್ವಾರ್ಟ್ ಸಹಜ ಎನ್ನುವ ಮೇಜೂ ಒಂದೇ ಕಂಪನಿಯವಾಗಿರುವುದು ನಾಚಿಕೆಗೇಡು. ಅದಕ್ಕೆ ಪರಿಹಾರ ವಾರಂಟಿಯನ್ನು ಎಳೆಯುವುದಲ್ಲ. ಆ ಸಂಖ್ಯೆಯನ್ನು ಮೈಲೇಜ್‌ನ ಪಕ್ಕದಲ್ಲೇ, ಷೋರೂಮಿನ ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಅಂಟಿಸುವುದು. "ಈ ಎಂಜಿನ್ ಸಾವಿರ ಮೈಲಿಗೆ ಇಷ್ಟು ಆಯಿಲ್ ಕುಡಿಯಬಹುದು" ಎಂದು ಓದಿದ ಮೇಲೂ ಕೊಳ್ಳುವವನು ಕೊಳ್ಳಲಿ. ಒತ್ತಡದ ದೀಪದ ಜೊತೆ ಮಟ್ಟ ತೋರಿಸುವ ಸಂವೇದಕವನ್ನು ಪ್ರತಿ ಕಾರಿನಲ್ಲೂ ಕಡ್ಡಾಯ ಮಾಡಲಿ. ಗಡುವಿನೊಳಗೆ ದೂರು ಕೊಟ್ಟವನಿಗೆ ಗಡಿಯಾರ ನಿಲ್ಲಿಸುವ ಸಲಹೆಯನ್ನೂ ನಾನು ತಳ್ಳಿಹಾಕುವುದಿಲ್ಲ, ಅದು ಕರಾರಿನ ಒಳಗಿನ ಮಾತು. ಎಂಟು ವರ್ಷ ಎಂಬ ಸಾರಾಸಗಟು ವಿಸ್ತರಣೆಗೆ ಮಾತ್ರ ನನ್ನ ತಕರಾರು.

ಆ ರಸೀದಿ ಹಿಡಿದು ಅವರು ಹೋರಾಡಲಿ. ಎಂಜಿನ್ ಇಳಿಸುತ್ತೇವೆ ಎಂದು ಡೀಲರ್ ಒಪ್ಪಿಬಿಟ್ಟರೆ ಒಂದು ರಾತ್ರಿ ಮಲಗಿ ಯೋಚಿಸಲಿ. ಡಿಕ್ಕಿಯಲ್ಲಿರುವ ಆರು ಬಾಟಲಿ ಇನ್ನೂ ಆರು ಸಾವಿರ ಮೈಲಿಗೆ ಸಾಕು. ಚಿಕಾಗೊಗೆ ಹೋಗಿಬರುವುದು ಏಳುನೂರು ಚಿಲ್ಲರೆ.